ಒಂಬತ್ತು ತಿಂಗಳು ಹೊತ್ತರೂ ಗೊತ್ತೇ ಆಗಲಿಲ್ಲವೇ?

ಹೊಟ್ಟೆನೋವೆಂದು ಆಸ್ಪತ್ರೆಗೆ ಬಂದ ಮಹಿಳೆಗೆ ಹೆರಿಗೆ. ಹಾಸ್ಟೆಲಿನ ಶೌಚಾಲಯದಲ್ಲಿ ಮಗು ಹೆತ್ತ ವಿದ್ಯಾರ್ಥಿನಿ. ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ನುಂಗಿ ಮಲಗಿದ್ದವಳ ಮಡಿಲಲ್ಲಿ ಬೆಳಗಾಗುವಷ್ಟರಲ್ಲಿ ಕೂಸು. ಇಂಥ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಓದಿದವರ ಮಾತು ಹೆಚ್ಚುಕಡಿಮೆ ಒಂದೇ: "ಒಂಬತ್ತು ತಿಂಗಳು ಹೊತ್ತವಳಿಗೆ ಗೊತ್ತಾಗದೇ ಇರುತ್ತಾ? ಎಲ್ಲಾ ನಾಟಕ!"

ಈ ಅನುಮಾನ ಸಹಜವೇ. ಬಸಿರು ಎಂದಾಕ್ಷಣ ನಮಗೆ ನೆನಪಾಗುವುದು ನಿಂತ ಮುಟ್ಟು, ಬೆಳಗಿನ ವಾಂತಿ, ಹುಳಿ ತಿನ್ನುವ ಬಯಕೆ, ದೊಡ್ಡದಾಗುವ ಹೊಟ್ಟೆ, ಒಳಗಿನಿಂದ ಒದೆಯುವ ಮಗು. ಇಷ್ಟೆಲ್ಲ ಗುರುತುಗಳಿರುವಾಗ ಗೊತ್ತಾಗಲಿಲ್ಲ ಎನ್ನುವವಳು ಸುಳ್ಳು ಹೇಳುತ್ತಿರಬೇಕು ಅನ್ನಿಸುತ್ತದೆ.

ಆದರೆ ವೈದ್ಯಕೀಯ ದಾಖಲೆಗಳು ಹೇಳುವುದೇ ಬೇರೆ. ತಾನು ಬಸುರಿ ಎಂಬುದು ನಿಜವಾಗಿಯೂ ಗೊತ್ತಿಲ್ಲದೆ ಹೆರಿಗೆ ಕೋಣೆ ತಲುಪುವ ಹೆಂಗಸರಿದ್ದಾರೆ. ನಾವು ಅಂದುಕೊಂಡಷ್ಟು ಅಪರೂಪವೂ ಅಲ್ಲ. "ನಾಟಕ" ಎಂಬ ನಮ್ಮ ಆ ಒಂದು ಮಾತು ಕೆಲವೊಮ್ಮೆ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ತರಬಲ್ಲದು. ಹೇಗೆ ಎಂದು ನೋಡೋಣ.

ಎಷ್ಟು ಅಪರೂಪ?

ಈ ಪ್ರಶ್ನೆಗೆ ಅಂಕಿಗಳ ಮೂಲಕ ಉತ್ತರ ಹುಡುಕಿದ ಅಧ್ಯಯನಗಳಲ್ಲಿ ಹೆಸರಾದದ್ದು ಜರ್ಮನಿಯ ಬರ್ಲಿನ್ ನಗರದಲ್ಲಿ ನಡೆದದ್ದು. 1995ರ ಜುಲೈಯಿಂದ 1996ರ ಜೂನ್‌ವರೆಗೆ, ಒಂದು ವರ್ಷದ ಕಾಲ, ನಗರದ ಹೆರಿಗೆ ಆಸ್ಪತ್ರೆಗಳ ಮಾಹಿತಿಯನ್ನು ಯೆನ್ಸ್ ವೆಸೆಲ್ ಎಂಬ ಪ್ರಸೂತಿ ತಜ್ಞರು ಮತ್ತು ಅವರ ಸಹೋದ್ಯೋಗಿ ಕಲೆಹಾಕಿದರು. ಆ ವರ್ಷ ಆದ ಹೆರಿಗೆಗಳು 29,462. ಇವುಗಳಲ್ಲಿ 62 ಹೆಂಗಸರಿಗೆ 20 ವಾರ, ಅಂದರೆ ಸುಮಾರು ಐದು ತಿಂಗಳು ತುಂಬುವವರೆಗೂ ತಾವು ಬಸುರಿ ಎಂದು ಗೊತ್ತಿರಲಿಲ್ಲ. ಲೆಕ್ಕ ಹಾಕಿದರೆ 475 ಹೆರಿಗೆಗೆ ಒಂದು. ಹೆರಿಗೆ ನೋವು ಶುರುವಾಗುವವರೆಗೂ ಗೊತ್ತೇ ಇಲ್ಲದವರು ಸುಮಾರು 2,455 ಹೆರಿಗೆಗೆ ಒಬ್ಬರು. 2002ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಈ ವಿವರ ಪ್ರಕಟವಾಯಿತು. ಒಂದೇ ಬಸಿರಿನಲ್ಲಿ ಮೂರು ಮಕ್ಕಳು ಹುಟ್ಟುವುದಕ್ಕಿಂತ ಇದು ಮೂರು ಪಟ್ಟು ಹೆಚ್ಚು ಎಂದು ಲೇಖಕರು ಹೋಲಿಸಿದ್ದರು. ತ್ರಿವಳಿ ಮಕ್ಕಳು ಹುಟ್ಟಿದರೆ ನಾವು ಅಚ್ಚರಿಪಡುತ್ತೇವೆ, ಆದರೆ ಸುಳ್ಳು ಎನ್ನುವುದಿಲ್ಲ!

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ 11 ವರ್ಷಗಳ ಹೆರಿಗೆ ದಾಖಲೆಗಳನ್ನು ನೋಡಿದ ಇನ್ನೊಂದು ಅಧ್ಯಯನದಲ್ಲೂ ಇದಕ್ಕೆ ಹತ್ತಿರದ ಅಂಕಿಯೇ ಸಿಕ್ಕಿತು. ಬಚ್ಚಿಟ್ಟ ಅಥವಾ ಅರಿವಿಗೆ ಬಾರದ ಬಸಿರು ಅಲ್ಲಿ ಸುಮಾರು 2,500 ಹೆರಿಗೆಗೆ ಒಂದು.

ಇಂಥವರು ಓದು ಬರಹ ಇಲ್ಲದವರೋ, ಚಿಕ್ಕ ಹುಡುಗಿಯರೋ, ಮಾನಸಿಕ ಕಾಯಿಲೆ ಇದ್ದವರೋ ಆಗಿರಬೇಕು ಎಂಬುದು ನಮ್ಮ ಊಹೆ. ಬರ್ಲಿನ್ನಿನ ಪಟ್ಟಿಯಲ್ಲಿ ಹದಿಹರೆಯದವರಿಂದ ನಲವತ್ತು ದಾಟಿದವರವರೆಗೆ ಎಲ್ಲ ವಯಸ್ಸಿನವರೂ ಇದ್ದರು. ಸಂಗಾತಿಯ ಜತೆ ಸಂಸಾರ ಮಾಡುತ್ತಿದ್ದವರು, ಆಗಲೇ ಮಕ್ಕಳನ್ನು ಹೆತ್ತು ಅನುಭವ ಇದ್ದವರು ಬಹಳ ಮಂದಿ. ತೀವ್ರ ಮಾನಸಿಕ ಕಾಯಿಲೆ ಇದ್ದವರು ಕೆಲವರಷ್ಟೇ. ಇನ್ನೂ ಸೋಜಿಗದ ವಿಷಯವೆಂದರೆ ಇವರಲ್ಲಿ ಕೆಲವರು ಬಸಿರಿನ ಅವಧಿಯಲ್ಲೇ ಬೇರೆ ತೊಂದರೆಗಳಿಗೆಂದು ವೈದ್ಯರ ಬಳಿ ಹೋಗಿದ್ದರು. ವೈದ್ಯರಿಗೂ ಗೊತ್ತಾಗಿರಲಿಲ್ಲ.

ದೇಹ ಹೇಗೆ ಮರೆಮಾಚುತ್ತದೆ?

ಬಸಿರಿನ ಗುರುತುಗಳು ಎಲ್ಲರಲ್ಲೂ ಒಂದೇ ರೀತಿ ಕಾಣುವುದಿಲ್ಲ. ಒಂದೊಂದನ್ನೇ ನೋಡೋಣ.

ಮುಟ್ಟು: ಬಸಿರಿನಲ್ಲಿ ಮುಟ್ಟಾಗುವುದಿಲ್ಲ, ಇದು ನಿಜ. ಆದರೆ ರಕ್ತ ಕಾಣಿಸಿಕೊಳ್ಳಬಹುದು. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತಸ್ರಾವ ಆಗುತ್ತದೆ. ಅದು ಮುಟ್ಟಿನ ದಿನದ ಆಸುಪಾಸಿನಲ್ಲೇ ಆದರೆ "ಈ ತಿಂಗಳು ಕಡಿಮೆ ಹೋಯಿತು" ಎಂದುಕೊಳ್ಳುವುದು ಸುಲಭ. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರಿಗೆ ತಿಂಗಳ ಕೊನೆಯ ರಕ್ತಸ್ರಾವ ಕಡಿಮೆಯಾದರೂ ಅಚ್ಚರಿಯಾಗುವುದಿಲ್ಲ. ಪಿಸಿಒಡಿ ಇರುವ ಯುವತಿಗೆ ಎರಡು ಮೂರು ತಿಂಗಳು ಮುಟ್ಟಾಗದೇ ಇರುವುದು ರೂಢಿಯೇ ಆಗಿಬಿಟ್ಟಿರುತ್ತದೆ. "ನಿನಗೆ ಮಕ್ಕಳಾಗುವುದು ಕಷ್ಟ" ಎಂದು ಯಾರೋ ಹೇಳಿದ ಮಾತೂ ಆಕೆಯ ತಲೆಯಲ್ಲಿ ಕೂತಿರುತ್ತದೆ. ಥೈರಾಯ್ಡ್ ತೊಂದರೆ ಇರುವವರ, ತೂಕ ಬಹಳ ಕಡಿಮೆ ಇರುವವರ, ಕಠಿಣ ತರಬೇತಿಯಲ್ಲಿರುವ ಕ್ರೀಡಾಪಟುಗಳ ಮುಟ್ಟೂ ಏರುಪೇರಾಗುತ್ತದೆ. ನಲವತ್ತು ದಾಟಿದವರು "ನಿಲ್ಲುವ ಕಾಲ ಬಂತು" ಎಂದುಕೊಳ್ಳುತ್ತಾರೆ. ಆದರೆ ಒಂದಿಡೀ ವರ್ಷ ಮುಟ್ಟಾಗದಿದ್ದರೆ ಮಾತ್ರ ವೈದ್ಯರು ಮುಟ್ಟು ನಿಂತಿದೆ ಎನ್ನುವುದು. ಅಲ್ಲಿಯವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇದೆ.

ವಾಂತಿ: ಹತ್ತರಲ್ಲಿ ಏಳೆಂಟು ಬಸುರಿಯರಿಗೆ ವಾಕರಿಕೆ ಅಥವಾ ವಾಂತಿ ಇರುತ್ತದೆ. ಅಂದರೆ ಇಬ್ಬರು ಮೂವರಿಗೆ ಇರುವುದೇ ಇಲ್ಲ. ಇದ್ದರೂ ಪಿತ್ತ, ಅಸಿಡಿಟಿ ಎಂದು ಜೀರಿಗೆ ನೀರು ಕುಡಿದು ಸುಮ್ಮನಾಗುತ್ತಾರೆ.

ಹೊಟ್ಟೆ: ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬರುವುದೇ ಸುಮಾರು 20 ವಾರಗಳಿಗೆ. ಹೊಟ್ಟೆಯ ಸ್ನಾಯುಗಳು ಬಿಗಿಯಾಗಿದ್ದರೆ, ಮಗು ಉದ್ದಕ್ಕೆ, ಬೆನ್ನಿನ ಕಡೆಗೆ ಹೊಂದಿಕೊಂಡು ಬೆಳೆದರೆ ಹೊಟ್ಟೆ ಮುಂದಕ್ಕೆ ಬರುವುದು ಕಡಿಮೆ. ಮೈಕೈ ತುಂಬಿಕೊಂಡವರಲ್ಲಿ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ಸಡಿಲ ಬಟ್ಟೆಯಲ್ಲಂತೂ ಏನೂ ತಿಳಿಯದು. ಸ್ಕ್ಯಾನಿಂಗ್‌ನಲ್ಲಿ ಬಸಿರು ಎಂದು ತಿಳಿದ ಕೆಲವೇ ದಿನಗಳಲ್ಲಿ ಹೊಟ್ಟೆ ಎದ್ದು ಕಾಣತೊಡಗಿತು ಎಂದು ಇಂಥ ಹೆಂಗಸರನ್ನು ನೋಡಿಕೊಂಡ ವೈದ್ಯರು ಬರೆದಿದ್ದಾರೆ. ಗೊತ್ತಾದ ಮೇಲೆ ನಿಲುವು ಬದಲಾಗಿ, ಹೊಟ್ಟೆಯ ಸ್ನಾಯುಗಳ ಬಿಗಿ ಸಡಿಲವಾಗುವುದು ಇದಕ್ಕೆ ಕಾರಣವಿರಬೇಕು ಎಂಬುದು ಅವರ ವಿವರಣೆ.

ಮಗುವಿನ ಒದೆತ: ಚೊಚ್ಚಲ ಬಸಿರಿನಲ್ಲಿ ಮಗುವಿನ ಚಲನೆ ತಿಳಿಯುವುದು ಸಾಮಾನ್ಯವಾಗಿ 18ರಿಂದ 20 ವಾರಗಳ ಹೊತ್ತಿಗೆ. ಅದೂ ಮೊದಮೊದಲು ಹೊಟ್ಟೆಯಲ್ಲಿ ಗುಳ್ಳೆ ಎದ್ದಂತೆ, ಗಾಳಿ ಆಡಿದಂತೆ ಅನ್ನಿಸುತ್ತದೆ. ಮಾಸು ಗರ್ಭಕೋಶದ ಮುಂಭಾಗದಲ್ಲಿ ಅಂಟಿಕೊಂಡಿದ್ದರೆ ಮಗುವಿಗೂ ಹೊಟ್ಟೆಯ ಗೋಡೆಗೂ ನಡುವೆ ದಿಂಬು ಇಟ್ಟಂತೆ. ಒದೆತದ ರಭಸ ಹೊರಗೆ ತಿಳಿಯದು. ಬಸಿರು ಎಂಬ ಯೋಚನೆಯೇ ಇಲ್ಲದವರಿಗೆ ಇದು ಗ್ಯಾಸ್ ಅಲ್ಲದೆ ಇನ್ನೇನು?

ಇವುಗಳಲ್ಲಿ ಒಂದಿದ್ದರೆ ಉಳಿದ ಗುರುತುಗಳು ಗುಟ್ಟನ್ನು ಬಿಟ್ಟುಕೊಡುತ್ತವೆ. ನಾಲ್ಕೈದು ಒಟ್ಟಿಗೆ ಸೇರಿದರೆ?

"ನನಗೆ ಹಾಗಾಗಲು ಸಾಧ್ಯವೇ ಇಲ್ಲ"

ಕಣ್ಣೆದುರಿನ ಗುರುತನ್ನು ಮನಸ್ಸು ಹೇಗೆ ಓದಿಕೊಳ್ಳುತ್ತದೆ ಎಂಬುದು ಈ ಕತೆಯ ಇನ್ನರ್ಧ. ಎದೆ ಹಿಂಡಿದಂತಾಗಿ, ಬೆವರು ಹರಿದು, ಎಡಗೈ ಸೆಳೆಯುತ್ತಿದ್ದರೂ "ರಾತ್ರಿ ತಿಂದ ಬೋಂಡಾ ಒಗ್ಗಲಿಲ್ಲ" ಎಂದು ಸೋಡಾ ಕುಡಿದು ಮಲಗುವವರನ್ನು ನಾವೆಲ್ಲ ಕಂಡಿದ್ದೇವೆ. ಅವರು ಯಾರಿಗೂ ಸುಳ್ಳು ಹೇಳುತ್ತಿಲ್ಲ. ಹೃದಯಾಘಾತ ತನಗೂ ಆಗಬಹುದು ಎಂಬ ಯೋಚನೆಯನ್ನು ಮನಸ್ಸು ಒಳಗೆ ಬಿಟ್ಟುಕೊಂಡಿಲ್ಲ, ಅಷ್ಟೆ. ಬಸಿರಿನ ವಿಷಯದಲ್ಲೂ ಇದೇ ನಡೆಯುತ್ತದೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಇನ್ನು ಬಸಿರಾಗಲು ಸಾಧ್ಯವಿಲ್ಲ ಎಂಬುದು ಇಂಥದ್ದೇ ಒಂದು ನಂಬಿಕೆ. ಈ ಚಿಕಿತ್ಸೆ ಬಹಳ ಭದ್ರವಾದದ್ದು, ಆದರೆ ನೂರಕ್ಕೆ ನೂರು ಅಲ್ಲ. ಆಪರೇಷನ್ ಆದ 200 ಹೆಂಗಸರಲ್ಲಿ ಒಬ್ಬರು ಮುಂದೆ ಯಾವಾಗಲಾದರೂ ಬಸಿರಾಗಬಹುದು ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ವಿಫಲವಾದ ಆಪರೇಷನ್‌ಗಳಿಗೆ ಪರಿಹಾರ ಕೊಡುವ ಯೋಜನೆಯನ್ನು ನಮ್ಮ ಸರ್ಕಾರವೇ ಇಟ್ಟುಕೊಂಡಿದೆ.

ಇನ್ನು ಕೆಲವರಲ್ಲಿ ಆಳದ ಭಯ ಇರುತ್ತದೆ. ಮದುವೆಯಾಗದ ಹುಡುಗಿ, ಗಂಡ ದೂರದಲ್ಲಿರುವ ಹೆಂಗಸು, ಅತ್ಯಾಚಾರಕ್ಕೆ ಒಳಗಾಗಿ ಯಾರಿಗೂ ಹೇಳದೆ ನುಂಗಿಕೊಂಡವಳು, ಹಿಂದೆ ಮಗುವನ್ನು ಕಳೆದುಕೊಂಡು ಇನ್ನೊಂದು ಬಸಿರಿನ ಯೋಚನೆಯನ್ನೇ ತಾಳಲಾರದವಳು. ಇವರ ಪಾಲಿಗೆ ಬಸಿರು ಎಂಬ ಸುದ್ದಿ ಹೊರಲಾರದಷ್ಟು ಭಾರ. ಹೊರಲಾರದ್ದನ್ನು ಮನಸ್ಸು ಅರಿವಿನ ಆಚೆಗೆ ತಳ್ಳಿಬಿಡುತ್ತದೆ. ಇದನ್ನು ಮನೋವೈದ್ಯರು 'ನಿರಾಕರಣೆ' ಎನ್ನುತ್ತಾರೆ. ಅವರು ಗುರುತಿಸುವುದು ಮುಖ್ಯವಾಗಿ ಮೂರು ಬಗೆ. ಬಸಿರು ಎಂದು ಬುದ್ಧಿಗೆ ಗೊತ್ತಿದ್ದರೂ ಮನಸ್ಸಿಗೆ ತಟ್ಟದೆ, ಏನೂ ಆಗಿಲ್ಲವೆಂಬಂತೆ ದಿನ ಕಳೆಯುವುದು ಒಂದು. ಬಸಿರು ಎಂಬ ಸಂಗತಿಯೇ ಅರಿವಿಗೆ ಬಾರದಿರುವುದು ಎರಡನೆಯದು. ಸ್ಕಿಜೋಫ್ರೀನಿಯಾದಂಥ ತೀವ್ರ ಕಾಯಿಲೆಯಲ್ಲಿ, ಹೊಟ್ಟೆ ಎದುರಿಗೆ ಕಾಣುತ್ತಿದ್ದರೂ ಅದಕ್ಕೆ ಬೇರೇನೋ ಕಾರಣ ಹೇಳುವುದು ಮೂರನೆಯದು. ಈ ಮೂರನೆಯ ಬಗೆ ಕಡಿಮೆ.

ಮನಸ್ಸು ಮತ್ತು ದೇಹದ ಈ ಆಟ ತಿರುಗಿಯೂ ನಡೆಯುತ್ತದೆ. ಮಗು ಬೇಕೇ ಬೇಕು ಎಂಬ ತುಡಿತ ಅಥವಾ ಒತ್ತಡ ಇರುವ ಕೆಲವರಲ್ಲಿ, ಬಸಿರಾಗದಿದ್ದರೂ ಮುಟ್ಟು ನಿಂತು, ಹೊಟ್ಟೆ ದಪ್ಪವಾಗಿ, ಮಗು ಒದೆಯುತ್ತಿದೆ ಎಂದೂ ಅನ್ನಿಸುತ್ತದೆ. ಇದಕ್ಕೆ ಹುಸಿ ಬಸಿರು ಎನ್ನುತ್ತಾರೆ. ಇಂಗ್ಲೆಂಡಿನ ರಾಣಿ ಒಂದನೇ ಮೇರಿ 1555ರಲ್ಲಿ ಹೆರಿಗೆಗೆಂದು ಅರಮನೆಯ ಕೋಣೆ ಸೇರಿದ್ದಳು. ದೇಶವೆಲ್ಲ ಕಾದಿತ್ತು. ಮಗು ಹುಟ್ಟಲೇ ಇಲ್ಲ. ಇಲ್ಲದ ಬಸಿರನ್ನು ಇದೆ ಎಂದು ನಂಬಬಲ್ಲ ಮನಸ್ಸಿಗೆ ಇರುವುದನ್ನು ಇಲ್ಲವೆನ್ನುವುದೂ ಸಾಧ್ಯ ಎಂದರೆ ನಂಬದಿರಲು ಕಾರಣವೇನು?

ಬಚ್ಚಿಡುವುದು ಬೇರೆ, ಗೊತ್ತಿಲ್ಲದಿರುವುದು ಬೇರೆ

ಬಸಿರೆಂದು ಚೆನ್ನಾಗಿ ಗೊತ್ತಿದ್ದು, ಹೆದರಿಕೆಯಿಂದಲೋ ಮರ್ಯಾದೆಗೆ ಅಂಜಿಯೋ ಮುಚ್ಚಿಡುವವರೂ ಇದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಕೆಲವೊಮ್ಮೆ ಒಬ್ಬಳಲ್ಲೇ ಎರಡೂ ಇರುತ್ತವೆ: ಒಂದು ದಿನ ಅನುಮಾನ, ಮಾರನೆಯ ದಿನ "ಛೆ, ಇರಲಾರದು" ಎಂಬ ಸಮಾಧಾನ, ವಾರ ಕಳೆಯುವಷ್ಟರಲ್ಲಿ ಆ ಯೋಚನೆಯೇ ಮಾಯ.

ಇದು ನ್ಯಾಯಾಲಯಗಳಿಗೂ ಕಗ್ಗಂಟು. 2006ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನೆಲೆಸಿದ್ದ ಫ್ರಾನ್ಸಿನ ದಂಪತಿಯ ಮನೆಯ ಫ್ರೀಜರಿನಲ್ಲಿ ಎರಡು ಹಸುಗೂಸುಗಳ ಶವ ಸಿಕ್ಕವು. ಹೆಂಡತಿ ಬಸುರಿಯಾಗಿದ್ದದ್ದೇ ತನಗೆ ಗೊತ್ತಿರಲಿಲ್ಲ ಎಂದು ಗಂಡ ಹೇಳಿದ. ವಿಚಾರಣೆಯಲ್ಲಿ ಆಕೆಯ ಮನಸ್ಥಿತಿಯ ಬಗ್ಗೆ ತಜ್ಞರ ನಡುವೆಯೇ ದೊಡ್ಡ ಚರ್ಚೆಯಾಯಿತು. 2009ರಲ್ಲಿ ಆಕೆಗೆ ಎಂಟು ವರ್ಷಗಳ ಶಿಕ್ಷೆಯಾಯಿತು. ಬಸಿರಿನ ನಿರಾಕರಣೆ ಎಂಬುದೊಂದಿದೆ ಎಂದು ಫ್ರಾನ್ಸಿನ ಮನೆಮನೆಗೆ ಗೊತ್ತಾದದ್ದು ಈ ಪ್ರಕರಣದಿಂದ. ಆದರೆ ಇದರಿಂದ ಒಂದು ತಪ್ಪು ಕಲ್ಪನೆಯೂ ಹುಟ್ಟಿಕೊಂಡಿತು. ಬಸಿರು ಗೊತ್ತಾಗದವರೆಲ್ಲ ಮಗುವನ್ನು ಕೊಲ್ಲುವವರು ಎಂಬಂತೆ ಜನ ನೋಡತೊಡಗಿದರು. ಅಂಥ ದುರಂತಗಳು ಬಹಳ ಕಡಿಮೆ. ಬರ್ಲಿನ್ನಿನ ಅಧ್ಯಯನದಲ್ಲಿ ಸಿಕ್ಕ ಹೆಂಗಸರೆಲ್ಲ ಆಸ್ಪತ್ರೆಗೆ ಬಂದವರು. ಇಂಥ ತಾಯಂದಿರಲ್ಲಿ ಹೆಚ್ಚಿನವರು ಮೊದಲ ಆಘಾತ ಕಳೆದ ಮೇಲೆ ಮಗುವನ್ನು ಎತ್ತಿಕೊಂಡು ಮನೆಗೆ ಹೋಗುತ್ತಾರೆ.

ಶೌಚಾಲಯದಲ್ಲಿ ಹೆರಿಗೆ ಆಯಿತೆಂದರೆ ನಮಗೆ ಮೊದಲು ಬರುವುದು ಅನುಮಾನ. ಆದರೆ ಇದಕ್ಕೊಂದು ಸರಳ ಕಾರಣವಿದೆ. ಹೆರಿಗೆಯ ಕೊನೆಯ ಹಂತದಲ್ಲಿ ಮಗುವಿನ ತಲೆ ಮಲಾಶಯದ ಮೇಲೆ ಒತ್ತುತ್ತದೆ. ಆಗ ಆಗುವುದು ಥೇಟ್ ಮಲವಿಸರ್ಜನೆಗೆ ಅವಸರವಾದ ಅನುಭವ. ಬಸಿರು ಎಂದು ಗೊತ್ತಿಲ್ಲದವಳು ಹೊಟ್ಟೆ ಮುರಿತ ಬಂತೆಂದು ಓಡುವುದು ಶೌಚಾಲಯಕ್ಕೇ. ಅಲ್ಲಿ ಒಬ್ಬಳೇ, ನೋವಿನಲ್ಲಿ, ರಕ್ತದ ನಡುವೆ, ಏನಾಗುತ್ತಿದೆ ಎಂದು ತಿಳಿಯದೆ ಹೆತ್ತವಳಿಗೆ ಮಗುವಿನ ಉಸಿರು ಗಮನಿಸುವ ಎಚ್ಚರ ಎಲ್ಲಿಂದ ಬರಬೇಕು?

ತಡವಾಗಿ ತಿಳಿದರೆ ತೆರಬೇಕಾದ ಬೆಲೆ

ನಮ್ಮ ದೇಶದಲ್ಲಿ ಈ ಪ್ರಶ್ನೆ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 27 ವರ್ಷದ ವಿವಾಹಿತೆ, ಎರಡು ಮಕ್ಕಳ ತಾಯಿ. ಎರಡನೆಯ ಮಗುವಿಗೆ ಹಾಲೂಡಿಸುತ್ತಿದ್ದಳು. ಬಾಣಂತನದ ನಂತರ ಮಾನಸಿಕ ಕಾಯಿಲೆಗೆ ಚಿಕಿತ್ಸೆಯನ್ನೂ ಪಡೆಯುತ್ತಿದ್ದಳು. ಹಾಲೂಡಿಸುವ ಕಾಲದಲ್ಲಿ ಮುಟ್ಟಾಗದಿರುವುದು ಸಹಜವಾದ್ದರಿಂದ ಮೂರನೆಯ ಬಸಿರು ತಿಳಿಯಲೇ ಇಲ್ಲ ಎಂದು ಆಕೆ ಹೇಳಿದಳು. ತಿಳಿಯುವ ಹೊತ್ತಿಗೆ ಆರನೇ ತಿಂಗಳು ಸಮೀಪಿಸಿತ್ತು.

ನಮ್ಮ ಗರ್ಭಪಾತ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರಗಳವರೆಗೆ, ಕೆಲವು ವರ್ಗದ ಹೆಂಗಸರಿಗೆ 24 ವಾರಗಳವರೆಗೆ ಅವಕಾಶವಿದೆ. ಅದರಾಚೆಗೆ ತಾಯಿಯ ಜೀವ ಉಳಿಸಬೇಕಾದಾಗ ಅಥವಾ ಭ್ರೂಣದಲ್ಲಿ ಗಂಭೀರ ದೋಷವಿದ್ದಾಗ ಮಾತ್ರ. ಅಕ್ಟೋಬರ್ 9ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಗರ್ಭಪಾತಕ್ಕೆ ಒಪ್ಪಿಗೆ ಕೊಟ್ಟಿತು. ಮಗು ಬದುಕಿ ಹುಟ್ಟುವ ಸಾಧ್ಯತೆ ಇದೆಯೆಂದು ದೆಹಲಿಯ ಏಮ್ಸ್ ವೈದ್ಯರು ತಿಳಿಸಿದ ಮೇಲೆ ವಿಷಯ ಮತ್ತೆ ಚರ್ಚೆಗೆ ಬಂತು. 11ರಂದು ಅದೇ ಪೀಠದಲ್ಲಿ ಭಿನ್ನಮತ. ನ್ಯಾಯಮೂರ್ತಿ ಹಿಮಾ ಕೊಹ್ಲಿ ಒಪ್ಪಿಗೆ ಮುಂದುವರಿಸಲು ಸಿದ್ಧರಿರಲಿಲ್ಲ. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಆ ಹೆಂಗಸಿನ ನಿರ್ಧಾರವನ್ನು ಗೌರವಿಸಬೇಕು ಎಂದರು. 16ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಮೂವರ ಪೀಠ ಅನುಮತಿ ನಿರಾಕರಿಸಿತು. ಆಗ 26 ವಾರ 5 ದಿನ. ಹೆರಿಗೆಯ ವೆಚ್ಚವನ್ನು ಸರ್ಕಾರ ಭರಿಸಬೇಕು, ಮಗುವನ್ನು ದತ್ತು ಕೊಡುವುದಾದರೆ ಆ ತೀರ್ಮಾನ ಹೆತ್ತವರದ್ದು ಎಂದು ಕೋರ್ಟ್ ಹೇಳಿತು.

ಯಾರು ಸರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಇಲ್ಲಿ ನಾವು ಗಮನಿಸಬೇಕಾದದ್ದು ಒಂದು: ಎರಡು ತಿಂಗಳಿಗೆ ತಿಳಿದಿದ್ದರೆ ಆಕೆ ಮತ್ತು ವೈದ್ಯರ ನಡುವೆ ಮುಗಿಯಬಹುದಾಗಿದ್ದ ಮಾತು ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೆ ಹೋಗಬೇಕಾಯಿತು.

ಹಾಲೂಡಿಸುವಾಗ ಬಸಿರಾಗುವುದಿಲ್ಲ ಎಂಬ ನಂಬಿಕೆಯ ಬಗ್ಗೆ ಒಂದು ಮಾತು. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಈ ಮೂರೂ ಇದ್ದಾಗ ಬಸಿರಾಗುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಒಂದು ತಪ್ಪಿದರೂ ಆ ರಕ್ಷಣೆ ಹೋಯಿತು. ಮೊದಲ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆಯೇ ಅಂಡಾಣು ಬಿಡುಗಡೆಯಾಗುವುದರಿಂದ, ಹೆರಿಗೆಯ ನಂತರ ಒಮ್ಮೆಯೂ ಮುಟ್ಟಾಗದೆ ನೇರವಾಗಿ ಮತ್ತೆ ಬಸಿರಾಗಬಹುದು.

ಮಗುವಿನ ಪಾಲಿಗೂ ತಡವಾಗಿ ತಿಳಿಯುವುದು ಅಪಾಯವೇ. ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಮೊದಲ 28 ದಿನಗಳಲ್ಲೇ. ಆಗ ಬೇಕಾದ ಫೋಲಿಕ್ ಆಮ್ಲ ಸಿಗುವುದಿಲ್ಲ. ರಕ್ತಹೀನತೆ, ಬಿಪಿ, ಸಕ್ಕರೆ ಯಾವುದೂ ಪತ್ತೆಯಾಗುವುದಿಲ್ಲ. ಬಸಿರಿನಲ್ಲಿ ತೆಗೆದುಕೊಳ್ಳಬಾರದ ಮಾತ್ರೆಗಳು ಹೊಟ್ಟೆ ಸೇರಿರಬಹುದು. ಅವಧಿಗೆ ಮುನ್ನ, ಕಡಿಮೆ ತೂಕದಲ್ಲಿ ಹುಟ್ಟುವ ಮಕ್ಕಳು ಇಂಥ ಬಸಿರುಗಳಲ್ಲಿ ಹೆಚ್ಚು.

ಯಂತ್ರಕ್ಕೂ ಕಾಣದ ಬಸಿರು ಇದೆಯೇ?

ಗೊತ್ತಾಗದ ಬಸಿರು ನಿಜ ಎಂದ ಮಾತ್ರಕ್ಕೆ ಈ ಬಗ್ಗೆ ಹರಿದಾಡುವುದೆಲ್ಲ ನಿಜವಲ್ಲ. ಬಸಿರು ಸ್ಕ್ಯಾನಿಂಗ್‌ನಲ್ಲೂ ಕಾಣುವುದಿಲ್ಲ, ರಕ್ತಪರೀಕ್ಷೆಯಲ್ಲೂ ಸಿಗುವುದಿಲ್ಲ, ಹನ್ನೆರಡು ಹದಿನೈದು ತಿಂಗಳಾದ ಮೇಲೆ ಹೆರಿಗೆಯಾಗುತ್ತದೆ ಎಂಬ ಕತೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಇವಕ್ಕೆ ಆಧಾರವಿಲ್ಲ. ಐದಾರು ತಿಂಗಳ ಭ್ರೂಣ ಸ್ಕ್ಯಾನಿಂಗ್‌ನಲ್ಲಿ ಕಾಣದೇ ಹೋಗುವುದಿಲ್ಲ. ಮೂತ್ರ ಪರೀಕ್ಷೆ ಕೆಲವೊಮ್ಮೆ ತಪ್ಪಬಹುದು: ಬಹಳ ಬೇಗ ಮಾಡಿದರೆ, ತುಂಬಾ ನೀರು ಕುಡಿದು ಮೂತ್ರ ತೆಳುವಾಗಿದ್ದರೆ, ಕಿಟ್ ಅವಧಿ ಮೀರಿದ್ದರೆ. ಅಪರೂಪಕ್ಕೆ, ಬಸಿರು ಮುಂದುವರಿದಾಗ ಹಾರ್ಮೋನಿನ ಪ್ರಮಾಣ ಅತಿಯಾಗಿ ಏರಿ ಕಿಟ್ಟನ್ನು ತಬ್ಬಿಬ್ಬು ಮಾಡುವುದೂ ಉಂಟು. ಅನುಮಾನ ಉಳಿದರೆ ಸ್ಕ್ಯಾನಿಂಗ್ ಮಾಡಿಸಿದರೆ ಮುಗಿಯಿತು.

ಗೊತ್ತಾಗದ ಬಸಿರಿನ ಗುಟ್ಟು ಇರುವುದು ಬಸಿರಿನಲ್ಲಲ್ಲ. ಯಾರೂ ಪರೀಕ್ಷೆ ಮಾಡದಿರುವುದರಲ್ಲಿ.

ಹಾಗಾದರೆ ಏನು ಮಾಡಬೇಕು?

* ಲೈಂಗಿಕ ಸಂಪರ್ಕ ಇರುವ ಯಾವುದೇ ಹೆಂಗಸು, ಮುಟ್ಟು ತಪ್ಪಿದರೆ ಅಥವಾ ಎಂದಿನಂತೆ ಆಗದಿದ್ದರೆ, ಕಾರಣ ಏನೇ ಇರಲಿ ಎಂದು ಮೊದಲು ಒಂದು ಮೂತ್ರ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಪಿಸಿಒಡಿ ಇರುವವರು, ಹಾಲೂಡಿಸುವವರು, ಆಪರೇಷನ್ ಆದವರು, ನಲವತ್ತು ದಾಟಿದವರು ಎಲ್ಲರಿಗೂ ಇದು ಅನ್ವಯ. ಬೆಳಗಿನ ಮೊದಲ ಮೂತ್ರ ಬಳಸಿ. ಒಂದೇ ಗೆರೆ ಬಂದು ಮುಟ್ಟು ಆಗದೇ ಇದ್ದರೆ ವಾರ ಬಿಟ್ಟು ಮತ್ತೆ ನೋಡಿ. ಕಿಟ್ ಮೆಡಿಕಲ್ ಸ್ಟೋರಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಸರ್ಕಾರದ 'ನಿಶ್ಚಯ್' ಕಿಟ್ ಆಶಾ ಕಾರ್ಯಕರ್ತೆಯರ ಬಳಿ ಉಚಿತ.

* ಹೊಟ್ಟೆನೋವು, ಸುಸ್ತು, ವಾಂತಿ ಎಂದು ಹೋದಾಗ ವೈದ್ಯರು "ಮುಟ್ಟು ಯಾವಾಗ ಆಗಿತ್ತು?" ಎಂದು ಕೇಳಿದರೆ ಸಿಟ್ಟಾಗಬೇಡಿ. ಮಗಳನ್ನು ಕರೆದುಕೊಂಡು ಹೋದ ಅಮ್ಮಂದಿರು ಒಂದೈದು ನಿಮಿಷ ಹೊರಗೆ ಕೂತರೆ ಮಗಳಿಗೆ ಬಾಯಿಬಿಟ್ಟು ಮಾತಾಡಲು ಅನುಕೂಲ.

* ಹದಿನೆಂಟು ತುಂಬದ ಹುಡುಗಿ ಬಸಿರಾದರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಈ ಹೆದರಿಕೆಯಿಂದಲೇ ಎಷ್ಟೋ ಕುಟುಂಬಗಳು ಆಸ್ಪತ್ರೆಗೆ ಹೋಗುವುದಿಲ್ಲ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಆಕೆಯ ಪೋಷಕರು ಕೋರಿದರೆ ವೈದ್ಯರು ಆಕೆಯ ಹೆಸರು, ಗುರುತು ಬಹಿರಂಗಪಡಿಸಬೇಕಿಲ್ಲ ಎಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

* ಬಿಟ್ಟು ಬಿಟ್ಟು ಬರುವ, ಬರಬರುತ್ತಾ ಬಿಗಿಯಾಗುವ ಹೊಟ್ಟೆ ಅಥವಾ ಸೊಂಟ ನೋವು, ನೀರು ಹೋಗುವುದು, ತಡೆಯಲಾರದ ಮುಕ್ಕುವ ಅವಸರ ಹೆರಿಗೆಯ ಲಕ್ಷಣಗಳು. ಎದುರಿಗಿರುವವರಲ್ಲಿ ಇವು ಕಂಡರೆ ಒಬ್ಬಳನ್ನೇ ಶೌಚಾಲಯಕ್ಕೆ ಕಳಿಸಬೇಡಿ. 108ಕ್ಕೆ ಕರೆ ಮಾಡಿ.

* ಮಗು ಬಂದೇಬಿಟ್ಟರೆ ಎಳೆಯಬೇಡಿ, ಬೀಳದಂತೆ ಹಿಡಿಯಿರಿ ಅಷ್ಟೆ. ಒಣ ಬಟ್ಟೆಯಿಂದ ಮೈ ಒರೆಸಿ ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಇಬ್ಬರಿಗೂ ಹೊದಿಸಿ. ಅಳದಿದ್ದರೆ ಬೆನ್ನು ತೀಡಿ. ಹೊಕ್ಕುಳಬಳ್ಳಿಯನ್ನು ಮನೆಯ ಬ್ಲೇಡಿನಿಂದ ಕತ್ತರಿಸಬೇಡಿ, ಮಾಸನ್ನು ಎಳೆಯಬೇಡಿ. ಮಗು ಆರೋಗ್ಯವಾಗಿ ಕಂಡರೂ ಇಬ್ಬರೂ ಆಸ್ಪತ್ರೆಗೆ ಹೋಗಲೇಬೇಕು. ತಾಯಿಯ ರಕ್ತಸ್ರಾವ, ರಕ್ತದ ಗುಂಪು, ಸೋಂಕಿನ ಪರೀಕ್ಷೆ, ಮಗುವಿನ ಲಸಿಕೆ ಎಲ್ಲವೂ ಆಗಬೇಕಾದದ್ದು ಆಗಲೇ.

* ಮಗುವನ್ನು ಸಾಕಲಾರೆ ಎನ್ನುವವರಿಗೆ ಕಾನೂನಿನ ದಾರಿ ಇದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾಯಿಸಲು 60 ದಿನಗಳ ಕಾಲಾವಕಾಶವೂ ಇರುತ್ತದೆ. 1098ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ.

* ಒಂಬತ್ತು ತಿಂಗಳಲ್ಲಿ ಆಗಬೇಕಾದ ಮನಸ್ಸಿನ ಸಿದ್ಧತೆ ಒಂದು ಗಂಟೆಯಲ್ಲಿ ಆಗದು. ಮಗುವನ್ನು ಕಂಡು ತಾಯಿ ಮುಖ ತಿರುಗಿಸಿದರೆ, ಮಂಕಾದರೆ, ನಿದ್ದೆಗೆಟ್ಟರೆ ಬೈಯಬೇಡಿ, ಮನೋವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ದಾಖಲಾಗಿ ಚಿಕಿತ್ಸೆ ಪಡೆಯುವ ವಿಭಾಗ 2009ರಿಂದ ಇದೆ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮೊದಲ ಮಾತು ಯಾವುದು?

ಹೆರಿಗೆ ಕೋಣೆಯಲ್ಲಿ ಬೆಪ್ಪಾಗಿ ಮಲಗಿರುವ ಹೆಂಗಸಿಗೆ ಸುತ್ತಲಿನವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ "ನಿನಗೆ ಗೊತ್ತಾಗಲಿಲ್ವಾ?" ಎಂದು. ಎರಡನೆಯದು "ಯಾರದ್ದು?" ಎಂದು. ಇವೆರಡೂ ಆಕೆಯ ಬಾಯಿ ಮುಚ್ಚಿಸುತ್ತವೆ. ಬಾಯಿ ಮುಚ್ಚಿದವಳು ರಕ್ತ ಹೆಚ್ಚು ಹೋಗುತ್ತಿದ್ದರೂ ಹೇಳುವುದಿಲ್ಲ, ನುಂಗಿದ ಮಾತ್ರೆಯ ಬಗ್ಗೆ ಹೇಳುವುದಿಲ್ಲ, ತನ್ನ ಮೇಲೆ ಬಲಾತ್ಕಾರ ನಡೆದಿದ್ದರೆ ಅದನ್ನೂ ಹೇಳುವುದಿಲ್ಲ. ಈ ಮಾತುಗಳನ್ನು ಕೇಳಿಸಿಕೊಂಡ ಇನ್ನೊಬ್ಬ ಹುಡುಗಿ ನಾಳೆ ತನಗೆ ಅನುಮಾನ ಬಂದಾಗ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ.

ಆಕೆಗೆ ನಿಜವಾಗಿ ಗೊತ್ತಿತ್ತೋ ಇಲ್ಲವೋ ಎಂಬುದನ್ನು ಆಮೇಲೆ ತಿಳಿಯಬಹುದು, ತಿಳಿಯದೆಯೂ ಇರಬಹುದು. ಆ ಹೊತ್ತಿಗೆ ಬೇಕಾಗಿರುವ ಪ್ರಶ್ನೆ ಬೇರೆ: "ಹೇಗಿದ್ದೀಯಮ್ಮ? ನೋವಿದೆಯಾ?"